ನೀರು ಮೆಟ್ಟಿಲಿನವರೆಗೆ ಮಾತ್ರ

ಪೊಯ್ಯೆಗುರಿ ಪಂಚಾಯತಿನ ಗುಮಾಸ್ತ ಪದ್ಮಯ್ಯನಿಗೆ ಆರು ವರ್ಷಗಳ ನೌಕರಿಯಲ್ಲಿ ಸರಕಾರದಿಂದ ಬಂದ ಕಾಗದಗಳಲ್ಲಿ ಹೆಚ್ಚಿನವು ಹುಚ್ಚುನಾಯಿಗಳ ಕುರಿತಾದವು. ಹೀಗಾಗಿ ೧೯೬೨ರ ಮೇ ತಿಂಗಳಲ್ಲಿ ಪುತ್ತೂರಿನ ಬ್ಲಾಕ್ ಆಫೀಸಿನಿಂದ, ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ‘ತುರ್ತು’ ಎಂದು ಬರೆದ ಲಕೋಟೆ ಬಂದಾಗ ಅವನು ಅದನ್ನು ಒಡೆಯುವ ಮೊದಲು ಕೈಕಾಲು ತೊಳೆದು ಬಂದ.

ಒಳಗಿದ್ದದ್ದು ‘ನೆರೆ ಅಪಾಯದ ಅಂದಾಜು ಪಟ್ಟಿ’. ಏಳು ಕಲಮು. ಹೊಳೆ ಏರಿದರೆ ಯಾವ ಮನೆಗೆ ಎಷ್ಟು ನೀರು ಬರುತ್ತದೆ, ಹಿಂದೆ ಎಷ್ಟು ಬಂದಿತ್ತು, ಮನೆಯಲ್ಲಿ ಎಷ್ಟು ಜನ, ಅಪಾಯ ಎಷ್ಟನೇ ದರ್ಜೆಯದು, ಇತ್ಯಾದಿ. ಕಡೆಗೆ ಒಂದು ಸಾಲು: ಅಪಾಯವುಳ್ಳ ಊರಿಗೆ ಸರಕಾರ ಒಂದು ದೋಣಿ ಕೊಡುತ್ತದೆ, ಅಪಾಯವಿಲ್ಲದ ಊರಿಗೆ ಕೊಡುವುದಿಲ್ಲ.

ಆ ಕಡೆಯ ಸಾಲನ್ನು ಪದ್ಮಯ್ಯ ನಾಲ್ಕು ಸಲ ಓದಿದ. ಪೊಯ್ಯೆಗುರಿಯ ಮೂರು ಕಡೆ ಕುಮಾರಧಾರೆ, ನಾಲ್ಕನೆಯ ಕಡೆ ತೋಡು. ಮಳೆಗಾಲದಲ್ಲಿ ಎರಡೂ ಸೇರಿದರೆ ಊರು ದ್ವೀಪ. ಹೊಳೆ ದಾಟುವ ಕಡವಿನ ಹಳೆಯ ದೋಣಿ ಹಿಂದಿನ ವರ್ಷ ತೇಲಿಬಂದ ದಿಮ್ಮಿಗೆ ಬಡಿದು ಎರಡು ಹೋಳಾಗಿತ್ತು. ಅದರಲ್ಲಿ ಒಂದು ಹೋಳು ಈಗ ಯಾರದೋ ಹಟ್ಟಿಯಲ್ಲಿ ದನಗಳ ಮರಿಗೆಯಾಗಿತ್ತು. ಪದ್ಮಯ್ಯನ ಮನೆ ಗುಡ್ಡದ ಮೇಲೆ, ಪಂಚಾಯತು ಕಟ್ಟಡದ ಪಕ್ಕದಲ್ಲಿ. ಅವನಿಗೆ ನೀರಿನ ಭಯವಿರಲಿಲ್ಲ. ಆದರೆ ಹೆಂಡತಿ ಪ್ರೇಮಾವತಿಗೆ ಆರು ತಿಂಗಳು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ತವರೆಂದರೆ ಅದೇ ಊರಿನ ಕುಕ್ಕಪ್ಪ ಗೌಡರ ಮನೆ, ಹೊಳೆಯ ದಂಡೆಯಲ್ಲಿ, ಊರಿಗೇ ತಗ್ಗಿನ ಜಾಗ. ಬೆರಳು ಮಡಚಿ ಎಣಿಸಿದರೆ ಹೆರಿಗೆ ಬೀಳುವುದು ಸರಿಯಾಗಿ ಆಟಿ ತಿಂಗಳಲ್ಲಿ, ಹೊಳೆ ತುಂಬುವ ಹೊತ್ತಿಗೆ.

ದೋಣಿ ಬರಲೇಬೇಕಿತ್ತು.

ಪದ್ಮಯ್ಯ ಹತ್ತಡಿಯ ಬಿದಿರು ಕಡಿದು, ಅಡಿಗೊಂದರಂತೆ ಕೆಂಪು ಬಿಳಿ ಬಣ್ಣ ಬಳಿದು ಅಳತೆಕೋಲು ಮಾಡಿದ. ಖಾಕಿ ಅಂಗಿ ತೊಟ್ಟು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿದ. ಅದರಲ್ಲಿ ಒಂದಕ್ಕೆ ಶಾಯಿ ಇರಲಿಲ್ಲ.

“ಹೇಗೆ ಕಾಣ್ತೇನೆ?” ಎಂದು ಹೆಂಡತಿಯನ್ನು ಕೇಳಿದ.

“ಮದುವೆ ಚಪ್ಪರಕ್ಕೆ ಕಂಬ ತರುವವರ ಹಾಗೆ,” ಎಂದಳು ಪ್ರೇಮಾವತಿ.

ಮೊದಲು ಹೋದದ್ದು ಪಂಚಾಯತಿನ ಅಧ್ಯಕ್ಷರೂ ಊರಿನ ದೊಡ್ಡ ಕುಳವೂ ಆದ ತಿರುಮಲೇಶ್ವರ ಭಟ್ಟರ ಮನೆಗೆ. ಇಲ್ಲಿ ಒಂದು ವಿಷಯ ಹೇಳಬೇಕು. ೧೯೨೩ರ ದೊಡ್ಡ ನೆರೆಯನ್ನು ಆ ಕಡೆ ಜನ ಬೊಳ್ಳ ಎನ್ನುತ್ತಾರೆ. ಪೊಯ್ಯೆಗುರಿಯ ಪದ್ಧತಿಯ ಪ್ರಕಾರ ಮರ್ಯಾದಸ್ತರ ಮನೆಯೊಳಗೆ ಬೊಳ್ಳದ ನೀರು ಬಂದಿರಬಾರದು. ಅದು ಅಂಗಳ ದಾಟಿ, ಮೆಟ್ಟಿಲಿನವರೆಗೆ ಬಂದು, ಹಿರಿಯರು ಕೈಮುಗಿದು ಕೊಟ್ಟ ತೆಂಗಿನಕಾಯಿಯನ್ನೋ ಮೂಗುತಿಯನ್ನೋ ತೆಗೆದುಕೊಂಡು ಬಂದ ದಾರಿಗೆ ವಾಪಸು ಹೋಗಿರಬೇಕು. ಹೆಣ್ಣು ಕೇಳಲು ಬಂದವರು ಜಾತಕದ ಮೊದಲು ಇದನ್ನೇ ಕೇಳುತ್ತಾರೆ: ನಿಮ್ಮಲ್ಲಿ ಬೊಳ್ಳ ಎಲ್ಲಿಯವರೆಗೆ? ನೀರು ಒಳಗೆ ಬಂತು ಎಂದರೆ ಆ ದಿನ ಆ ಮನೆಯ ದೈವದೇವರು ಮನೆಯಲ್ಲಿರಲಿಲ್ಲ ಎಂದು ಅರ್ಥ. ಅಂಥ ಮನೆಯ ಹೆಣ್ಣು ಯಾರಿಗೂ ಬೇಡ.

“ಬರೆ,” ಎಂದರು ಭಟ್ಟರು. “ನಮ್ಮಲ್ಲಿ ಮೂರನೇ ಮೆಟ್ಟಿಲು. ಅಜ್ಜ ಒಂದು ತೆಂಗಿನಕಾಯಿ, ಒಂದು ಪಟ್ಟೆ ವಸ್ತ್ರ ಬಿಟ್ರು. ನೀರು ಅಲ್ಲಿಂದಲೇ ತಿರುಗಿತು.”

ಪದ್ಮಯ್ಯ ಕೋಲನ್ನು ಜಗಲಿಯ ಗೋಡೆಗೆ ಆನಿಸಿದ. ಮೂರೂವರೆ ಅಡಿಯ ಎತ್ತರದಲ್ಲಿ ಗೋಡೆಯ ಉದ್ದಕ್ಕೂ ಒಂದು ಕಂದು ಗೆರೆ ಇತ್ತು. ನಲವತ್ತು ವರ್ಷ ಸುಣ್ಣ ಬಳಿದರೂ ಅದು ಒಳಗಿನಿಂದ ಇಣುಕುತ್ತಿತ್ತು.

“ಭಟ್ರೆ, ಇದು ಎಂತ?”

“ಅದಾ? ಅಜ್ಜ ಎಣ್ಣೆ ತಲೆ ಆನಿಸಿ ಕೂತುಕೊಳ್ತಿದ್ರು.”

“ಗೋಡೆ ಇಡೀ?”

“ಅಜ್ಜ ಒಂದು ಕಡೆ ಕೂರುವ ಜನ ಅಲ್ಲ,” ಎಂದರು ಭಟ್ಟರು. ಮಾತು ಅಲ್ಲಿಗೆ ಮುಗಿಯಿತು.

ಮುಂದಿನ ಮನೆಯಲ್ಲಿ ಅದೇ ಗೆರೆ ಎತ್ತು ಮೈ ಉಜ್ಜಿದ್ದರಿಂದ ಆದದ್ದು. ಅದರ ಮುಂದಿನದರಲ್ಲಿ ಹೊಗೆಯಿಂದ. ಒಬ್ಬರು ಗೆರೆಯ ಮೇಲೆ ಸಾಲಾಗಿ ಏಳು ಕ್ಯಾಲೆಂಡರು ತೂಗುಹಾಕಿದ್ದರು, ಏಳೂ ಒಂದೇ ವರ್ಷದವು. ಮಾವ ಕುಕ್ಕಪ್ಪ ಗೌಡರ ಮನೆಯಲ್ಲಿ ಗೆರೆ ಐದಡಿಗೆ, ಪದ್ಮಯ್ಯನ ಗಲ್ಲದ ಮಟ್ಟಕ್ಕೆ ಇತ್ತು.

“ಮಾವ, ನೀವು ಸತ್ಯ ಹೇಳ್ಬೇಕು. ನಾನು ನಿಮ್ಮ ಅಳಿಯ. ಆಟಿಯಲ್ಲಿ ಪ್ರೇಮಾ ಇಲ್ಲಿ ಇರ್ತಾಳೆ.”

“ಅಳಿಯಂದಿರೆ, ಲೋಲಾಕ್ಷಿಯ ಮಾತುಕತೆ ಅಜ್ಜಾವರದವರ ಹತ್ರ ನಡೀತಾ ಉಂಟು,” ಎಂದರು ಕುಕ್ಕಪ್ಪ. ಲೋಲಾಕ್ಷಿ ಅವರ ಎರಡನೆಯ ಮಗಳು. “ನಮ್ಮಲ್ಲಿ ಎರಡನೇ ಮೆಟ್ಟಿಲು. ನಮ್ಮ ಅಮ್ಮ ಮೂಗುತಿ ಬಿಚ್ಚಿ ಕೊಟ್ರು, ನೀರು ಹೋಯಿತು. ಹಾಗೆ ಬರೆಯಿರಿ. ಊಟ ಮಾಡಿ ಹೋಗಿ.”

ಕಡೆಯ ಮನೆ ಐಸಮ್ಮನದು, ಕಡವಿನ ಪಕ್ಕದ ಗುಡಿಸಲು. ಅವಳ ಗಂಡ, ಬ್ಯಾರಿ ಎಂದು ಕರೆಯುವ ಕರಾವಳಿಯ ಮುಸಲ್ಮಾನ, ಕಡವಿನ ದೋಣಿ ನಡೆಸುತ್ತಿದ್ದ. ಅವನು ಸತ್ತ ಮೇಲೆ, ದೋಣಿ ಒಡೆಯುವವರೆಗೆ, ಇವಳೇ ನಡೆಸಿದ್ದಳು. ಈಗ ಆಡು ಸಾಕುತ್ತಿದ್ದಳು.

“ನೀರಾ? ಬರ್ತದೆ ಕ್ಲಾರ್ಕ್ರೆ,” ಎಂದಳು ಐಸಮ್ಮ. “ಎಲ್ಲ ವರ್ಷ ಬರ್ತದೆ. ಹೊಳೆ ಬದಿಯಲ್ಲಿ ಕೂತ ಮೇಲೆ ನೀರು ಬಾರದೆ ಮತ್ತೆ ನೆಂಟರು ಬರ್ತಾರಾ? ಬೊಳ್ಳದಲ್ಲಿ ನನಗೆ ಏಳು ವರ್ಷ. ಗುಡ್ಡದ ಮೇಲಿಂದ ನೋಡಿದ್ದೇನೆ. ಭಟ್ರ ಅಜ್ಜ ಮನೆಯ ಮಾಡಿನ ಮೇಲೆ ಕೂತಿದ್ರು, ಪಟ್ಟೆ ವಸ್ತ್ರ ಬಿಡಿ, ಮೈಮೇಲೆ ಎಂತದೂ ಇರ್ಲಿಲ್ಲ. ನಿಮ್ಮ ಮಾವನ ಅಪ್ಪ ಹಲಸಿನ ಮರದಲ್ಲಿ ಎರಡು ದಿವಸ. ಕೈಯಲ್ಲಿ ಒಂದು ತಂಬಿಗೆ.”

“ತಂಬಿಗೆ ಯಾಕೆ?”

“ಅದನ್ನು ನೀವು ಅವರ ಹತ್ರ ಕೇಳ್ಬೇಕಿತ್ತು. ಈಗ ತಡ ಆಯ್ತು.”

ಹೀಗೆ ನಲವತ್ತೇಳು ಮನೆಗಳ ಪೊಯ್ಯೆಗುರಿಯ ಅಪಾಯದ ಪಟ್ಟಿ ಸಿದ್ಧವಾಯಿತು: ಮನೆ ಒಂದು, ಜನ ಒಂದು, ಆಡು ಹನ್ನೊಂದು.

ಪಟ್ಟಿ ಒಂದೇ ವಾರದಲ್ಲಿ ಪುತ್ತೂರಿನಿಂದ ಹಿಂದೆ ಬಂತು. ಬದಿಯಲ್ಲಿ ಬ್ಲಾಕ್ ಆಫೀಸಿನ ಅಚ್ಚುತ ಎಂಬ ಅಧಿಕಾರಿಯ ಕೈಬರಹ: ‘ಹೊಳೆ ಮೂರು ಕಡೆ ಇದೆ, ಅಪಾಯ ಒಂದೇ ಮನೆಗೆ ಇದೆ. ಹೇಗೆ? ಪಟ್ಟಿಯನ್ನು ತಿದ್ದಿ ನೋಟೀಸು ಬೋರ್ಡಿಗೆ ಅಂಟಿಸತಕ್ಕದ್ದು. ಶುಕ್ರವಾರ ನಾನೇ ಬರುತ್ತೇನೆ. ಕೆಳಗಿನ ಊರಿನವರು ಅರುವತ್ತೆರಡು ಮನೆ ಬರೆದಿದ್ದಾರೆ. ದೋಣಿ ಒಂದೇ.’

 ಪದ್ಮಯ್ಯ ಬಾಗಿಲು ಹಾಕಿಕೊಂಡು, ಊರಿನವರು ಬಾಯಲ್ಲಿ ಹೇಳಿದ್ದನ್ನು ಬಿಟ್ಟು ಗೋಡೆಗಳು ಹೇಳಿದ್ದನ್ನು ಬರೆದ. ಗೆರೆ ನಾಲ್ಕಡಿಗಿಂತ ಮೇಲಿದ್ದರೆ ಒಂದನೇ ದರ್ಜೆ. ಎರಡರಿಂದ ನಾಲ್ಕಡಿಯವರೆಗೆ ಎರಡನೇ ದರ್ಜೆ. ಅದಕ್ಕಿಂತ ಕೆಳಗೆ ಮೂರನೆಯದು. ಗುಡ್ಡದ ಮೇಲಿನ ತನ್ನದೊಂದು ಬಿಟ್ಟು ನಲವತ್ತಾರು ಮನೆಗಳೂ ಪಟ್ಟಿಗೆ ಬಂದವು. ಒಂದನೇ ದರ್ಜೆಯ ಮೊದಲ ಹೆಸರು ಕುಕ್ಕಪ್ಪ ಗೌಡರದು. ಶುಕ್ರವಾರ ಬೆಳಿಗ್ಗೆ ಅದನ್ನು ಬೋರ್ಡಿಗೆ ಅಂಟಿಸಿ, ಕಿಟಕಿಯ ಹಿಂದೆ ನಿಂತ.

ಹತ್ತು ಗಂಟೆಗೆ ಇಡೀ ಊರು ಅಂಗಳದಲ್ಲಿತ್ತು.

“ಹೊರಗೆ ಬಾ ಪದ್ಮಯ್ಯ!” ತಿರುಮಲೇಶ್ವರ ಭಟ್ಟರ ಧ್ವನಿ. “ನನ್ನ ಮನೆಗೆ ಅಪಾಯ ಅಂತ ಬರ್ದಿದ್ದೀಯಾ? ಯಾರು ಹೇಳಿದ್ದು ನಿನಗೆ?”

“ಗೋಡೆ ಹೇಳಿತು ಭಟ್ರೆ.”

“ಗೋಡೆಗೆ ಪಂಚಾಯತಿನಲ್ಲಿ ವೋಟು ಉಂಟಾ?”

 ಕುಕ್ಕಪ್ಪ ಗೌಡರು ಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕುಳಿತಿದ್ದರು. “ಸ್ವಂತ ಅಳಿಯ. ಸ್ವಂತ ಅಳಿಯ,” ಎನ್ನುತ್ತಿದ್ದರು. ಯಾರೋ ಪಟ್ಟಿಯನ್ನು ಹರಿಯಲು ಕೈ ಎತ್ತಿದರು.

ಆಗ ಭಟ್ಟರು ಕನ್ನಡಕ ಸರಿಮಾಡಿಕೊಂಡು ಪಟ್ಟಿಯನ್ನು ಎರಡನೆಯ ಸಲ ಓದಿದರು.

“ಇದೆಂತದು? ಕುಕ್ಕಪ್ಪನಿಗೆ ಒಂದನೇ ದರ್ಜೆ. ನನಗೆ ಎರಡನೆಯದಾ?”

ಹರಿಯಲು ಎತ್ತಿದ ಕೈ ಕೆಳಗಿಳಿಯಿತು.

“ಭಟ್ರೆ, ನಿಮ್ಮ ಗೆರೆ ಮೂರೂವರೆ ಅಡಿ ಮಾತ್ರ…”

“ನಾನು ಪಂಚಾಯತಿನ ಅಧ್ಯಕ್ಷ! ನನ್ನ ತೋಟ ಅವನದ್ದರ ಎರಡರಷ್ಟು ಉಂಟು! ಅವನಿಗೆ ಒಂದನೇ ದರ್ಜೆಯ ಅಪಾಯ ಬರುವಾಗ ನನಗೆ ಯಾಕೆ ಬರುದಿಲ್ಲ?”

ಕುಕ್ಕಪ್ಪ ಗೌಡರು ತಲೆಯಿಂದ ಕೈ ತೆಗೆದರು. ಅವರ ಬೆನ್ನು ನಿಧಾನಕ್ಕೆ ನೆಟ್ಟಗಾಯಿತು. “ಸರಕಾರ ಏನಾದ್ರೂ ನೋಡಿಯೇ ಬರೆದಿರ್ತದೆ ಭಟ್ರೆ,” ಎಂದರು.

ಅಷ್ಟೇ ಸಾಕಾಯಿತು. ಮೂರನೇ ದರ್ಜೆಯವರು ಎರಡನೆಯದಕ್ಕೆ, ಎರಡನೆಯವರು ಒಂದನೆಯದಕ್ಕೆ ಏರಿಸಬೇಕೆಂದು ಪದ್ಮಯ್ಯನ ಅಂಗಿ ಹಿಡಿದು ಎಳೆದರು. ಒಬ್ಬ ತನ್ನ ಎತ್ತಿನ ಮೇಲಿದ್ದ ಆಪಾದನೆಯನ್ನು ಅಲ್ಲೇ ಹಿಂತೆಗೆದುಕೊಂಡ. “ಅದು ನೀರಿನ ಗೆರೆಯೇ. ಆರಡಿ ಬರೆಯಿರಿ.” ಪದ್ಮಯ್ಯ ಶಾಯಿಯಿಲ್ಲದ ಪೆನ್ನಿನಲ್ಲಿ ಎಲ್ಲರನ್ನೂ ಒಂದನೇ ದರ್ಜೆಗೆ ಏರಿಸುತ್ತಿದ್ದಾಗ ಜೀಪು ಬಂತು.

ಅಚ್ಚುತರು ತೆಳ್ಳಗಿನ ಮನುಷ್ಯ. ಕಾಸರಗೋಡಿನ ಕಡೆಯವರು, ಹೆಚ್ಚು ಮಾತಿಲ್ಲ. ಪಟ್ಟಿ ನೋಡಿದರು, ಜನರನ್ನು ನೋಡಿದರು.

“ಸಂತೋಷ. ಒಂದನೇ ದರ್ಜೆ ಅಂದ್ರೆ ಎಂತ ಗೊತ್ತುಂಟಲ್ಲ? ನೀರು ಮನೆಯ ಒಳಗೆ ಬಂದು ಜನ ಮುಳುಗುವ ಜಾಗ. ‘ನಮ್ಮ ಮನೆ ಒಳಗೆ ಬೊಳ್ಳದ ನೀರು ಬಂದಿತ್ತು’ ಅಂತ ಒಬ್ಬೊಬ್ಬರೂ ಇಲ್ಲಿ ರುಜು ಹಾಕ್ಬೇಕು. ರುಜು ಹಾಕಿದವರು ಮಾತ್ರ ಪಟ್ಟಿಯಲ್ಲಿ. ಪಟ್ಟಿಯಲ್ಲಿ ಇದ್ದವರಿಗೆ ಮಾತ್ರ ದೋಣಿ.”

ಮೇಜಿನ ಮೇಲೆ ಪುಸ್ತಕ ತೆರೆದಿಟ್ಟರು. ಪಕ್ಕದಲ್ಲಿ ಶಾಯಿಯ ಪೆಟ್ಟಿಗೆ.

ಯಾರೂ ಅಲ್ಲಾಡಲಿಲ್ಲ. ಭಟ್ಟರು ಆಕಾಶ ನೋಡಿದರು. ಎತ್ತಿನ ಯಜಮಾನ, ಅದು ಎತ್ತೇ ಇರಬೇಕು ಎಂದು ಗೊಣಗಿದ. ಪದ್ಮಯ್ಯ ಮಾವನ ಬಳಿ ಹೋಗಿ ಕೈಹಿಡಿದ. “ಮಾವ, ಒಂದು ರುಜು. ನಿಮ್ಮ ಮಗಳ ಮುಖ ನೋಡಿ.”

“ಇನ್ನೊಬ್ಬಳು ಮಗಳ ಮುಖ ಯಾರು ನೋಡುದು?” ಎಂದರು ಕುಕ್ಕಪ್ಪ. ಕೈ ಬಿಡಿಸಿಕೊಂಡರು.

ಹಿಂದಿನಿಂದ ಐಸಮ್ಮ ಆಡಿನ ಹಗ್ಗವನ್ನು ಪದ್ಮಯ್ಯನ ಕೈಗೆ ಕೊಟ್ಟು, ಮುಂದೆ ಬಂದು, ಹೆಬ್ಬೆಟ್ಟು ಒತ್ತಿ ಹೋದಳು.

 ಅಚ್ಚುತರು ಎದ್ದು ಕಡವಿನವರೆಗೆ ನಡೆದು, ಹೊಳೆಯನ್ನು ನೋಡಿ ಬಂದರು. “ಕೆಳಗಿನ ಊರಿಗೆ ಸೇತುವೆ ಉಂಟು. ಇಲ್ಲಿ ಎಂತದೂ ಇಲ್ಲ. ದೋಣಿ ಕಳಿಸ್ತೇನೆ. ಆದ್ರೆ ಅದು ಐಸಮ್ಮನ ಒಬ್ಬಳ ಹೆಸರಿನಲ್ಲಿ. ದೋಣಿಯೂ ಪುಸ್ತಕವೂ ಅವಳ ಹತ್ರ ಇರ್ಲಿ. ಬೇರೆ ಯಾರಾದ್ರೂ ಹತ್ತುದಾದ್ರೆ ಮೊದಲು ರುಜು.”

“ನನಗೆ ಓದ್ಲಿಕ್ಕೆ ಬರುದಿಲ್ಲ ಸ್ವಾಮಿ,” ಎಂದಳು ಐಸಮ್ಮ.

“ಅವರಿಗೆ ಬರ್ತದೆ. ಅದೇ ಕಷ್ಟ,” ಎಂದರು ಅಚ್ಚುತರು.

ಆಟಿಯ ಎರಡನೇ ವಾರ, ಮೂರು ದಿನ ಬಿಡದೆ ಮಳೆ ಸುರಿದ ಮೇಲೆ, ಪದ್ಮಯ್ಯ ಬೆಳಿಗ್ಗೆ ಏಳಕ್ಕೇ ಕೋಲು ಹಿಡಿದು ಮಾವನ ಮನೆಗೆ ಇಳಿದ. ಐದನೇ ಕಲಮಿಗೆ ನೀರಿನ ನಿಜವಾದ ಮಟ್ಟ ಬೇಕಿತ್ತು. ಪ್ರೇಮಾವತಿಗೆ ದಿನ ತುಂಬಿತ್ತು. ಅವಳನ್ನು ಗುಡ್ಡಕ್ಕೆ ಕರೆದೊಯ್ಯುತ್ತೇನೆಂದ, ಮಾವನನ್ನೂ ಅತ್ತೆಯನ್ನೂ ಲೋಲಾಕ್ಷಿಯನ್ನೂ ಸೇರಿಸಿ ನಾಲ್ವರನ್ನೂ ಕರೆದೊಯ್ಯುತ್ತೇನೆಂದ.

“ಮನೆ ಬಿಟ್ಟು ಹೋದ್ರೆ ನೀರು ಬಂತು ಅಂತಲೇ ಆಯ್ತಲ್ಲ,” ಎಂದರು ಕುಕ್ಕಪ್ಪ. “ಕೂತ್ಕೊಳ್ಳಿ. ಅದು ಮೆಟ್ಟಿಲಿನವರೆಗೆ ಬರ್ತದೆ, ಹೋಗ್ತದೆ.”

ಏಳೂವರೆಗೆ ನೀರು ಮೊದಲನೇ ಮೆಟ್ಟಿಲಲ್ಲಿತ್ತು. ಎಂಟಕ್ಕೆ ಎರಡನೆಯದರಲ್ಲಿ. ಕುಕ್ಕಪ್ಪ ಗೌಡರು ತಲೆಗೆ ಮುಂಡಾಸು ಸುತ್ತಿ, ತೆಂಗಿನಕಾಯಿಗೆ ಅರಸಿನ ಕುಂಕುಮ ಹಚ್ಚಿ, ಕೈಮುಗಿದು ನೀರಿಗೆ ಬಿಟ್ಟರು. ತೆಂಗಿನಕಾಯಿ ಅಂಗಳಕ್ಕೆ ಒಂದು ಸುತ್ತು ಹಾಕಿ ಬಂದು ಹೊಸ್ತಿಲಿಗೆ ಟಕ್ಕೆಂದು ಬಡಿಯಿತು.

“ಒಪ್ಪಲಿಲ್ಲ,” ಎಂದರು ಅತ್ತೆ.

“ನಿನ್ನ ಮೂಗುತಿ ಕೊಡು.”

“ಅದನ್ನು ಮಾತ್ರ ಕೇಳ್ಬೇಡಿ. ಅದು ನನ್ನ ಅಪ್ಪ ಕೊಟ್ಟದ್ದು.”

ಈ ಚರ್ಚೆ ಮುಗಿಯುವ ಮೊದಲೇ ನೀರು ಹೊಸ್ತಿಲು ದಾಟಿತು. ಗುಡ್ಡದ ದಾರಿ ಅಷ್ಟರಲ್ಲಿ ಮುಳುಗಿತ್ತು. ಐವರೂ ಅಟ್ಟ ಹತ್ತಿದರು. ಪ್ರೇಮಾವತಿಯನ್ನು ಹತ್ತಿಸಲು ಮೂವರು ಬೇಕಾದರು. ಮೇಲೆ ಬಂದವಳೇ ಅಡಿಕೆ ಗೋಣಿಗೆ ಒರಗಿ, ಹಲ್ಲು ಕಚ್ಚಿ, “ನೋವು ಶುರುವಾಯ್ತು,” ಎಂದಳು.

ಪದ್ಮಯ್ಯ ಕೋಲನ್ನು ಏಣಿಯ ಬಳಿ ಇಳಿಬಿಟ್ಟ. ಮೂರು ಅಡಿ. ಮತ್ತೆ ಇಳಿಬಿಟ್ಟ. ನಾಲ್ಕು. ಹಳೆಯ ಕಂದು ಗೆರೆ ನೋಡನೋಡುತ್ತಲೇ ನೀರಿನ ಅಡಿಗೆ ಹೋಯಿತು. ಅವನು ಕೋಲು ಬಿಟ್ಟು ಮಾಡಿನ ಹಂಚುಗಳನ್ನು ಒಂದೊಂದಾಗಿ ಕಿತ್ತು ಹೊರಗೆಸೆಯತೊಡಗಿದ. “ಐಸಮ್ಮಾ! ಐಸಮ್ಮಾ!” ಎಂದು ಕೂಗಿದ. ಹೊಳೆಯ ಸದ್ದಿಗೆ ಅವನ ಧ್ವನಿ ಅವನಿಗೇ ಕೇಳಿಸಲಿಲ್ಲ.

ನೀರು ಏಣಿಯ ಕೊನೆಯ ಹಲ್ಲಿಗೆ ಬಂದಾಗ ದೋಣಿ ಕಾಣಿಸಿತು. ಮುಂದೆ ಐಸಮ್ಮ, ಹಿಂದೆ ಮೂರು ಮನೆಯ ಜನ, ನಡುವೆ ಕೊಡೆ ಹಿಡಿದು ತಿರುಮಲೇಶ್ವರ ಭಟ್ಟರು.

“ನಾನು ಸುಮ್ಮನೆ ಊರು ನೋಡ್ಲಿಕ್ಕೆ ಹೊರಟದ್ದು,” ಎಂದರು ಭಟ್ಟರು.

“ಪುಸ್ತಕದಲ್ಲಿ ರುಜು ಬೇರೆ ಹೇಳ್ತದೆ ಭಟ್ರೆ,” ಎಂದಳು ಐಸಮ್ಮ. ಅವಳು ಮಾಡಿನ ರೀಪನ್ನು ಒಂದು ಕೈಯಲ್ಲಿ ಹಿಡಿದು ದೋಣಿ ನಿಲ್ಲಿಸಿದಳು. ದೋಣಿ ಕಟ್ಟಿದ ಕರುವಿನ ಹಾಗೆ ಜಗ್ಗುತ್ತಿತ್ತು. “ಗೌಡ್ರೆ, ನೀರು ಎಲ್ಲಿವರೆಗೆ?”

ಕುಕ್ಕಪ್ಪ ಗೌಡರ ಪಾದಗಳು ನೀರಿನಲ್ಲಿದ್ದವು. ಅವರು ಭಟ್ಟರನ್ನು ನೋಡಿದರು. ಭಟ್ಟರು ಅವರನ್ನೇ ನೋಡುತ್ತಿದ್ದರು.

“ಮೆಟ್ಟಿಲಿನವರೆಗೆ,” ಎಂದರು ಕುಕ್ಕಪ್ಪ.

“ಹಾಗಾದ್ರೆ ಒಳ್ಳೇದಾಯ್ತು. ನಾನು ಪದ್ಮಯ್ಯ ಕ್ಲಾರ್ಕ್ರನ್ನು ಕರ್ಕೊಂಡು ಹೋಗ್ತೇನೆ. ಅವರು ಸರಕಾರದ ಜನ.”

“ಮಾವ!” ಎಂದು ಪದ್ಮಯ್ಯ ಕಿರುಚಿದ. “ನೀರು ಅಟ್ಟದಲ್ಲಿ ಉಂಟು ಮಾವ!”

“ಅಟ್ಟಕ್ಕೂ ಮೆಟ್ಟಿಲು ಉಂಟಲ್ಲ,” ಎಂದರು ಕುಕ್ಕಪ್ಪ. 

ಆಗ ಗೋಣಿಗಳ ಹಿಂದಿನಿಂದ ಪ್ರೇಮಾವತಿ ಎದ್ದು ಬಂದಳು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಅಪ್ಪನ ಮುಂಡಾಸಿನ ಮೇಲೆ. ಮುಂಡಾಸನ್ನು ಕಿತ್ತು ಹೊಳೆಗೆ ಎಸೆದಳು.

“ನೀರು ಅಂಗಳಕ್ಕೆ ಬಂತು, ಚಾವಡಿಗೆ ಬಂತು, ಅಕ್ಕಿ ಮುಡಿಗೆ ಬಂತು, ಅಟ್ಟಕ್ಕೆ ಬಂತು! ಬರೆಯಿರಿ ಐಸಮ್ಮಾ! ನನ್ನ ಹೆಸರು ಬರೆಯಿರಿ, ಹೊಟ್ಟೆಯಲ್ಲಿ ಇರುದರ ಹೆಸರೂ ಬರೆಯಿರಿ! ಬೊಳ್ಳದಲ್ಲಿ ನಮ್ಮ ಅಜ್ಜ ಹಲಸಿನ ಮರದಲ್ಲಿ ಇದ್ದದ್ದೂ ಬರೆಯಿರಿ!”

“ಅದು ಎಲ್ಲರಿಗೂ ಗೊತ್ತುಂಟು ಮಗಳೇ,” ಎಂದಳು ಐಸಮ್ಮ. “ಹತ್ತು.”

ಕುಕ್ಕಪ್ಪ ಗೌಡರು ಎಲ್ಲರಿಗಿಂತ ಕಡೆಗೆ ಹತ್ತಿದರು. ರುಜು ಹಾಕುವಾಗ ಪುಸ್ತಕದ ಮೇಲೆ ಇನ್ನೊಂದು ಕೈ ಅಡ್ಡ ಹಿಡಿದರು, ಪರೀಕ್ಷೆಯಲ್ಲಿ ಪಕ್ಕದವನಿಂದ ಉತ್ತರ ಮುಚ್ಚಿಡುವ ಹಾಗೆ. ಅಷ್ಟರಲ್ಲಿ ಐಸಮ್ಮ ದೋಣಿ ನೂಕುತ್ತಿದ್ದ ಗಳು ನೀರೊಳಗಿನ ಮರಕ್ಕೆ ಸಿಕ್ಕಿ ಮುರಿಯಿತು. ದೋಣಿ ಅಡ್ಡ ತಿರುಗಿತು. ಹೆಂಗಸರು ಕೂಗಿಕೊಂಡರು.

“ಆ ಸರಕಾರದ ಕೋಲು ಎಲ್ಲಿ?”

ಪದ್ಮಯ್ಯ ಅಟ್ಟದೊಳಗೆ ಬಗ್ಗಿ, ತೇಲುತ್ತಿದ್ದ ಕೆಂಪು ಬಿಳಿ ಕೋಲನ್ನು ಎಳೆದು ಕೊಟ್ಟ. ಐಸಮ್ಮ ಅದನ್ನು ನೀರಿಗಿಳಿಸಿ ನೆಲ ಮುಟ್ಟಿಸಿದಳು. ಹತ್ತಡಿಯಲ್ಲಿ ಎಂಟು ಅಡಿ ಒಳಗೆ ಹೋಯಿತು. ಐದನೇ ಕಲಮಿಗೆ ಬೇಕಾದ ನಿಜವಾದ ಮಟ್ಟ ಅದೇ ಆಗಿತ್ತು. ಅದನ್ನು ಬರೆದುಕೊಳ್ಳುವ ಸ್ಥಿತಿಯಲ್ಲಿ ಪದ್ಮಯ್ಯ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಐಸಮ್ಮ ಒಂಬತ್ತು ಸಲ ಹೋಗಿ ಬಂದು ಇಡೀ ಊರನ್ನು ಗುಡ್ಡಕ್ಕೆ ಮುಟ್ಟಿಸಿದ್ದಳು. ಯಾರೂ ಸಾಯಲಿಲ್ಲ. ಪ್ರೇಮಾವತಿ ಪಂಚಾಯತು ಕಚೇರಿಯ ಮೇಜಿನ ಮೇಲೆ, ಹುಚ್ಚುನಾಯಿಗಳ ಕಡತವನ್ನು ತಲೆದಿಂಬು ಮಾಡಿಕೊಂಡು, ಹೆಣ್ಣು ಹೆತ್ತಳು. ತಿರುಮಲೇಶ್ವರ ಭಟ್ಟರು, ತಮ್ಮ ರುಜು ಸರಿಯಾಗಿ ಬಿದ್ದಿದೆಯೋ ಎಂದು ನೋಡಲು ಪುಸ್ತಕ ಕೇಳಿದರು. ದೋಣಿಯ ಅಂಚಿನಲ್ಲಿ ನಿಂತು ನೋಡಿದರು. ಅವರ ಕೈ ಜಾರಿತು. ಅದುವರೆಗೆ ಅವರ ಕೈ ಯಾವತ್ತೂ ಯಾವುದರ ಮೇಲಿಂದಲೂ ಜಾರಿರಲಿಲ್ಲ. ಪುಸ್ತಕ ನೀರಿಗೆ ಬಿದ್ದು ಉಪ್ಪಿನಂಗಡಿಯ ಕಡೆ ತೇಲಿಹೋಯಿತು. ಅದನ್ನು ನೋಡಿದ ಕುಕ್ಕಪ್ಪ ಗೌಡರು, ಹದಿನೈದು ವರ್ಷಗಳಲ್ಲಿ ಮೊದಲ ಸಲ, ಭಟ್ಟರಿಗೆ ತಾವಾಗಿ ನಮಸ್ಕಾರ ಮಾಡಿದರು.

ದೀಪಾವಳಿಗೆ ಅಜ್ಜಾವರದವರು ಬಂದಾಗ ಕುಕ್ಕಪ್ಪ ಗೌಡರ ಗೋಡೆಗಳು ಹೊಸ ಸುಣ್ಣದಲ್ಲಿ ಹೊಳೆಯುತ್ತಿದ್ದವು. ಲೋಲಾಕ್ಷಿಯ ಮದುವೆ ನಿಶ್ಚಯವಾಯಿತು. ನೀರು ಎರಡನೇ ಮೆಟ್ಟಿಲಿನವರೆಗೆ ಬಂದಿತ್ತಂತೆ. ಅಳಿಯ ಸರಕಾರದ ಕೋಲು ಊರಿದ್ದೇ ತಡ, ವಾಪಸು ಹೋಯಿತಂತೆ.

ಮರುವರ್ಷ ಮೇ ತಿಂಗಳಲ್ಲಿ ಅಚ್ಚುತರು ಮತ್ತೆ ಬಂದರು. ದೋಣಿ ಹತ್ತಿದವರ ಪುಸ್ತಕ ಪುತ್ತೂರಿಗೆ ತಲುಪಿರಲಿಲ್ಲ. ಪಟ್ಟಿಯಲ್ಲಿ ಮನೆ ಒಂದು, ಜನ ಒಂದು. ಇಂಥ ಊರಿನ ದೋಣಿಯನ್ನು ವಾಪಸು ತರಬೇಕೆಂದು ಮೇಲಿನಿಂದ ಆಜ್ಞೆಯಾಗಿತ್ತು. ಪದ್ಮಯ್ಯ ಹೊಸ ಪಟ್ಟಿಯನ್ನು ಮುಂದಿಟ್ಟ. ಅವನ ತೊಡೆಯ ಮೇಲೆ ಒಂಬತ್ತು ತಿಂಗಳ ಮಗಳು ಶಾಯಿಯಿಲ್ಲದ ಪೆನ್ನನ್ನು ಚೀಪುತ್ತಿದ್ದಳು.

ಅಚ್ಚುತರು ಓದಿದರು. “ಮನೆಯ ಯಜಮಾನಿ ಐಸಮ್ಮ. ಮನೆ ಒಂದು. ಆಡು ಹದಿಮೂರು. ಮನೆಯಲ್ಲಿರುವ ಜನ… ಇನ್ನೂರ ಹನ್ನೊಂದು?”

“ಹೌದು ಸಾರ್.”

“ಆ ಗುಡಿಸಲಿನಲ್ಲಿ?”

“ಆಟಿಯಲ್ಲಿ ಮಾತ್ರ ಸಾರ್.”

ಅಚ್ಚುತರು ಹೆಸರುಗಳ ಮೇಲೆ ಬೆರಳು ಆಡಿಸಿದರು. “ಕುಕ್ಕಪ್ಪ ಗೌಡ. ತಿರುಮಲೇಶ್ವರ ಭಟ್ಟ. ಇವರೆಲ್ಲ ಐಸಮ್ಮನಿಗೆ ಎಂತ ಆಗ್ಬೇಕು?”

“ಅವರ ಮನೆಗೆ ನೀರು ಬರುದಿಲ್ಲ ಸಾರ್,” ಎಂದ ಪದ್ಮಯ್ಯ. “ಐಸಮ್ಮನಲ್ಲಿಗೆ ಬರ್ತದೆ. ಆ ಹೊತ್ತಿಗೆ ಇವರೆಲ್ಲ ಅಲ್ಲಿಗೆ ನೆಂಟರು.”

ಹೊರಗೆ ಊರು ಕಿಟಕಿಗೆ ಕಿವಿಯಿಟ್ಟು ನಿಂತಿತ್ತು. ಅಚ್ಚುತರು ಪಟ್ಟಿಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಆಮೇಲೆ ಪೆನ್ನು ತೆಗೆದು ರುಜು ಹಾಕಿ, ಒಂದು ಪ್ರತಿಯನ್ನು ಬೋರ್ಡಿಗೆ ಅಂಟಿಸಲು ಹೇಳಿ ಜೀಪು ಹತ್ತಿದರು.

ಬೋರ್ಡಿನ ಮುಂದೆ ಮೊದಲು ಬಂದವರು ತಿರುಮಲೇಶ್ವರ ಭಟ್ಟರು. ಕನ್ನಡಕ ಹಾಕಿಕೊಂಡರು. ಬ್ಯಾರಿಯ ವಿ­ಧವೆಯ ಮನೆಯ ಜನರ ಪಟ್ಟಿಯಲ್ಲಿ ತಮ್ಮ ಹೆಸರನ್ನು ಅಪ್ಪನ ಹೆಸರು ಸಹಿತ ಓದಿದರು. ಅವರ ಕಿವಿ ಕೆಂಪಾಯಿತು. ಪದ್ಮಯ್ಯ ಮಗಳನ್ನು ಎತ್ತಿಕೊಂಡು ಗೋಡೆಗೆ ಒತ್ತಿ ನಿಂತ. ಐಸಮ್ಮ ಆಡಿನ ಹಗ್ಗ ಹಿಡಿದು ಕಾಯುತ್ತಿದ್ದಳು.

“ಪದ್ಮಯ್ಯ,” ಎಂದರು ಭಟ್ಟರು ಕೊನೆಗೆ. “ಇದು ದೊಡ್ಡ ತಪ್ಪು ಮಾರಾಯ. ಇದನ್ನು ನಾನು ಒಪ್ಪುದಿಲ್ಲ.”

“ಎಂತ ಭಟ್ರೆ?”

“ಕುಕ್ಕಪ್ಪನ ಹೆಸರು ನನ್ನದಕ್ಕಿಂತ ಮೇಲೆ ಉಂಟು.”